ಸುಖವೋ ಸರಳತೆಯೋ: ಗ್ರೀಕರ ನಾಲ್ಕು ದಾರಿಗಳಲ್ಲಿ ನಿಮಗೆ ಒಗ್ಗುವುದು ಯಾವುದು?

ಸರಳವಾಗಿ ಬದುಕಬೇಕು ಅಂತ ಹೊರಟವರು ಸಾಮಾನ್ಯವಾಗಿ ಬೀರು ಖಾಲಿ ಮಾಡುವುದರಿಂದ ಶುರು ಮಾಡುತ್ತಾರೆ. ಆಮೇಲೆ ಹೋಟೆಲ್ ಊಟ ಬಿಡುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ 'ಇದನ್ನೆಲ್ಲ ನಾನು ಯಾಕೆ ಮಾಡ್ತಿದ್ದೀನಿ?' ಅನ್ನುವ ಪ್ರಶ್ನೆ ಬರುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಬೀರು ಮತ್ತೆ ತುಂಬುತ್ತದೆ.

ಆ 'ಯಾಕೆ'ಗೆ ಹಳೆಯ ಗ್ರೀಕರಲ್ಲಿ ನಾಲ್ಕು ಉತ್ತರ ಸಿಗುತ್ತವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೊಟ್ಟವರು ಸಿರೇನೆಯ ಅರಿಸ್ಟಿಪ್ಪಸ್, ಸಿನೋಪೆಯ ಡಯೋಜೆನಿಸ್, ಸಾಮೋಸ್ ದ್ವೀಪದಲ್ಲಿ ಹುಟ್ಟಿದ ಎಪಿಕ್ಯೂರಸ್, ಸೈಪ್ರಸ್ಸಿನ ಝೀನೋ. ಇವರಲ್ಲಿ ಯಾರೂ ಅಥೆನ್ಸಿನಲ್ಲಿ ಹುಟ್ಟಿದವರಲ್ಲ, ಆದರೆ ನಾಲ್ವರೂ ಅಲ್ಲಿಗೆ ಬಂದವರೇ.

ಇವರಲ್ಲಿ ಒಬ್ಬರನ್ನು ಆರಿಸಲು ಕೂತಾಗ ಆಗುವ ಮೊದಲ ಎಡವಟ್ಟು ಅಂದರೆ, 'ಇವನು ಸುಖದ ಪಾರ್ಟಿ, ಅವನು ಸರಳತೆಯ ಪಾರ್ಟಿ' ಅಂತ ಎರಡು ಗುಂಪು ಮಾಡಿಬಿಡುವುದು. ಸುಖವೇ ಬದುಕಿನ ಗುರಿ ಅಂದ ಎಪಿಕ್ಯೂರಸ್ ರೊಟ್ಟಿ, ನೀರಿನಲ್ಲಿ ತೃಪ್ತನಾಗಿದ್ದ. ಸುಖ ದೊಡ್ಡದಲ್ಲ ಅಂದ ಸ್ಟೋಯಿಕರಲ್ಲಿ, ಅಂದರೆ ಝೀನೋನ ದಾರಿ ಹಿಡಿದವರಲ್ಲಿ, ರೋಮಿನ ಸೆನೆಕಾನಂಥ ಕೋಟ್ಯಧೀಶನೂ ಇದ್ದ. ತಟ್ಟೆಯಲ್ಲಿ ಏನಿದೆ ಅಂತ ನೋಡಿದರೆ ಯಾರು ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಬೇರೆ ಎರಡು: ಒಳ್ಳೆಯ ಊಟ ಎದುರಿಗೆ ಬಂದಾಗ ಏನು ಮಾಡುತ್ತಾರೆ, ಅದು ಕೈತಪ್ಪಿದಾಗ ಏನು ಮಾಡುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬರುವ ಕತೆಗಳಲ್ಲಿ ಹೆಚ್ಚಿನವು ಡಯೋಜೆನಿಸ್ ಲೇರ್ಷಿಯಸ್ ಅನ್ನುವವನು ಕ್ರಿ.ಶ. 3ನೇ ಶತಮಾನದ ಸುಮಾರಿಗೆ ಒಟ್ಟು ಮಾಡಿದವು. (ಸಿನೋಪೆಯ ಡಯೋಜೆನಿಸ್ ಬೇರೆ, ಇವನು ಬೇರೆ.) ಐನೂರು ವರ್ಷ ಕೈಯಿಂದ ಕೈಗೆ ಬಂದ ಕತೆಗೆ ಉಪ್ಪುಖಾರ ಸೇರದೆ ಇರುತ್ತಾ? ಆದರೂ ಯಾರ ಬಗ್ಗೆ ಎಂಥ ಕತೆ ಹುಟ್ಟಿತು ಅನ್ನುವುದರಲ್ಲೇ ಒಂದು ಸುಳಿವು ಇರುತ್ತದೆ.

ಅರಿಸ್ಟಿಪ್ಪಸ್: ಬಂದರೆ ಸವಿ, ಹೋದರೆ ಬಿಡು

ಸಿರೇನೆ ಇದ್ದದ್ದು ಈಗಿನ ಲಿಬಿಯಾದಲ್ಲಿ. ಅಲ್ಲಿಂದ ಬಂದ ಅರಿಸ್ಟಿಪ್ಪಸ್ ಸಾಕ್ರಟೀಸನ ಶಿಷ್ಯನಾದ. ಆ ಶಿಷ್ಯರ ಪೈಕಿ ಪಾಠಕ್ಕೆ ಮೊದಲು ಫೀಸು ತೆಗೆದುಕೊಂಡವನು ಇವನೇ ಅನ್ನುತ್ತಾರೆ. ಇವನ ಲೆಕ್ಕ ಬಹಳ ನೇರ. ಕೈಯಲ್ಲಿರುವುದು ಈ ಕ್ಷಣ. ಬೇಕಾದ್ದು ಈ ಕ್ಷಣದ ಸುಖ, ಅದರಲ್ಲೂ ಮೈಗೆ ತಾಗುವ ಸುಖ. ನಿನ್ನೆಯದು ಮುಗೀತು, ನಾಳೆಯದು ಬಂದಿಲ್ಲ.

ಒಮ್ಮೆ ಒಂದು ಗೌಜಲಹಕ್ಕಿಗೆ 50 ಡ್ರಾಕ್ಮಾ ಕೊಟ್ಟನಂತೆ. ಕೂಲಿಯವನು ತಿಂಗಳಿಡೀ ದುಡಿದರೂ ಅಷ್ಟು ಸಿಗುವುದು ಕಷ್ಟ. ನೋಡಿದವನೊಬ್ಬ ಛೀಮಾರಿ ಹಾಕಿದ. 'ಒಂದು ಓಬಲಿಗೆ ಸಿಕ್ಕಿದ್ದರೆ ನೀನು ಕೊಳ್ಳುತ್ತಿರಲಿಲ್ಲವಾ?' ಅಂತ ಕೇಳಿದ ಅರಿಸ್ಟಿಪ್ಪಸ್. 'ಕೊಳ್ಳುತ್ತಿದ್ದೆ' ಅಂದ ಅವನು. 'ನನಗೆ 50 ಡ್ರಾಕ್ಮಾ ಅಂದರೆ ಅಷ್ಟೇ ಬೆಲೆ.' ಓಬಲ್ ಅಂದರೆ ಡ್ರಾಕ್ಮಾದಲ್ಲಿ ಆರನೇ ಒಂದು ಪಾಲು, ಚಿಲ್ಲರೆ ಕಾಸು.

ಇಷ್ಟೇ ಓದಿದರೆ ಶುದ್ಧ ದುಂದುಗಾರ ಅನಿಸುತ್ತಾನೆ. ಇದರ ಜೊತೆಗೇ ಇನ್ನೊಂದು ಕತೆ ಇದೆ. ದಾರಿಯಲ್ಲಿ ಹೋಗುವಾಗ ಆಳು ಇವನ ಹಣದ ಚೀಲ ಹೊರಲಾರದೆ ಏದುಸಿರು ಬಿಡುತ್ತಿದ್ದ. 'ಭಾರ ಅನಿಸಿದಷ್ಟು ಸುರಿದುಬಿಡು, ಹೊರುವಷ್ಟು ಹೊತ್ಕೊ' ಅಂದ ಅರಿಸ್ಟಿಪ್ಪಸ್. ಹಕ್ಕಿಗೆ ದುಡ್ಡು ಸುರಿದ ಹಾಗೆಯೇ ರಸ್ತೆಗೂ ಸುರಿದ. ಲಾಯಿಸ್ ಅನ್ನುವ ವೇಶ್ಯೆಯ ಸಂಗ ಮಾಡಿದ್ದಕ್ಕೆ ಜನ ಆಡಿಕೊಂಡಾಗ, 'ಅವಳು ನನ್ನ ಹಿಡಿತದಲ್ಲಿದ್ದಾಳೆ, ನಾನು ಅವಳ ಹಿಡಿತದಲ್ಲಿಲ್ಲ' ಅಂದನಂತೆ. ಅನುಭವಿಸಬೇಕು, ಆದರೆ ಕಟ್ಟುಬೀಳಬಾರದು ಅನ್ನುವುದು ಇವನ ಪಾಠ.

ಕೇಳಲು ಚೆನ್ನಾಗಿದೆ. ತೊಂದರೆ ಎಲ್ಲಿ ಅಂದರೆ, ಗೌಜಲಹಕ್ಕಿಯ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ. ಅರಿಸ್ಟಿಪ್ಪಸ್‌ಗೆ ಅದು ಸಿರಾಕ್ಯೂಸಿನ ಸರ್ವಾಧಿಕಾರಿ ಡಯೋನಿಸಿಯಸ್‌ನ ಆಸ್ಥಾನದಿಂದ ಬಂತು. ಒಮ್ಮೆ ಆ ದೊರೆ ಇವನ ಮುಖಕ್ಕೇ ಉಗಿದ. ಇವನು ಒರೆಸಿಕೊಂಡು, 'ಬೆಸ್ತರು ಸಣ್ಣ ಮೀನಿಗಾಗಿ ಸಮುದ್ರದ ನೀರಲ್ಲಿ ಒದ್ದೆಯಾಗುತ್ತಾರೆ, ದೊಡ್ಡ ಮೀನಿಗೆ ನಾನು ಇಷ್ಟು ಸಹಿಸಬಾರದೆ?' ಅಂದ. ಜಾಣ ಮಾತೇ. ಆದರೆ ಮುಖದ ಮೇಲೆ ಉಗುಳು ಬಿದ್ದದ್ದು ಸುಳ್ಳಲ್ಲ.

ಈ ದಾರಿ ಮುಂದೆ ಎಲ್ಲಿಗೆ ಹೋಯಿತು ಅನ್ನುವುದನ್ನೂ ನೋಡಿ. ಇದೇ ಪಂಥದ ಹೆಗೆಸಿಯಸ್ ಅನ್ನುವವನು ಸುಖ ಒಂದು ಕಡೆ, ನೋವು ಒಂದು ಕಡೆ ಹಾಕಿ ತೂಗಿದ. ನೋವಿನ ತಟ್ಟೆಯೇ ಕೆಳಗೆ ಹೋಯಿತು. ಬದುಕಿಗಿಂತ ಸಾವೇ ವಾಸಿ ಅನ್ನುವ ಹಾಗೆ ಪಾಠ ಮಾಡತೊಡಗಿದ. ಕೇಳಿದವರು ಪ್ರಾಣ ಕಳೆದುಕೊಳ್ಳುತ್ತಾರೆ ಅಂತ ಈಜಿಪ್ಟಿನ ರಾಜ ಟಾಲೆಮಿ ಅವನ ಪಾಠಕ್ಕೆ ತಡೆ ಹಾಕಿದನೆಂದು ರೋಮಿನ ಲೇಖಕ ಸಿಸೆರೊ ಬರೆದಿದ್ದಾನೆ.

ಡಯೋಜೆನಿಸ್: ಬೇಡ ಅನ್ನುವುದೇ ಬಲ

ಡಯೋಜೆನಿಸ್ ತರಕಾರಿ ತೊಳೆಯುತ್ತಿದ್ದಾಗ ಅರಿಸ್ಟಿಪ್ಪಸ್ ಆ ದಾರಿಯಲ್ಲಿ ಬಂದನಂತೆ. 'ಇದನ್ನು ತಿಂದು ಬದುಕುವುದನ್ನು ಕಲಿತಿದ್ದರೆ ದೊರೆಗಳ ಬಾಗಿಲು ಕಾಯುವ ಗತಿ ನಿನಗೆ ಬರುತ್ತಿರಲಿಲ್ಲ' ಅಂದ ಡಯೋಜೆನಿಸ್. 'ಜನರ ಜೊತೆ ಬೆರೆಯುವುದನ್ನು ಕಲಿತಿದ್ದರೆ ತರಕಾರಿ ತೊಳೆಯುವ ಗತಿ ನಿನಗೆ ಬರುತ್ತಿರಲಿಲ್ಲ' ಅಂದ ಅರಿಸ್ಟಿಪ್ಪಸ್. ಇಡೀ ಜಗಳ ಈ ಎರಡು ಸಾಲಿನಲ್ಲಿದೆ. ಯಾರು ಗೆದ್ದರು ಅಂತ ನಿಮಗೆ ತಕ್ಷಣ ಅನಿಸಿತೋ, ನಿಮ್ಮ ಒಲವು ಆ ಕಡೆಗೇ ಇರಬಹುದು.

ಡಯೋಜೆನಿಸ್ ಕಪ್ಪು ಸಮುದ್ರದ ದಡದ ಸಿನೋಪೆಯವನು. ನಾಣ್ಯ ಕೆಡಿಸಿದ ಹಗರಣದಲ್ಲಿ ಊರು ಬಿಡಬೇಕಾಯಿತು. ಅಥೆನ್ಸಿನಲ್ಲಿ ಒಂದು ದೊಡ್ಡ ಮಣ್ಣಿನ ಹರವಿಯಲ್ಲಿ ವಾಸ. ಮಡಚಿ ಹೊದೆಯುವ ಒಂದು ಬಟ್ಟೆ, ಒಂದು ಕೋಲು, ಒಂದು ಜೋಳಿಗೆ. ಹುಡುಗನೊಬ್ಬ ಬೊಗಸೆಯಲ್ಲಿ ನೀರು ಕುಡಿಯುವುದನ್ನು ನೋಡಿ ತನ್ನ ಲೋಟವನ್ನೂ ಎಸೆದ. ಮಾನಿಸ್ ಅನ್ನುವ ಗುಲಾಮ ಓಡಿಹೋದಾಗ ಹುಡುಕಲು ಹೋಗಲಿಲ್ಲ. ಡಯೋಜೆನಿಸ್ ಇಲ್ಲದೆ ಮಾನಿಸ್ ಬದುಕಬಲ್ಲ, ಮಾನಿಸ್ ಇಲ್ಲದೆ ಡಯೋಜೆನಿಸ್ ಬದುಕಲಾರ ಅಂದರೆ ನಾಚಿಕೆಗೇಡು ಅಂದ.

ಇವನಿಗೆ ಸರಳತೆ ಅಂದರೆ ಕಸರತ್ತು. ಚಳಿಗಾಲದಲ್ಲಿ ಹಿಮ ಮೆತ್ತಿದ ಪ್ರತಿಮೆಗಳನ್ನು ತಬ್ಬಿಕೊಳ್ಳುತ್ತಿದ್ದ. ಒಮ್ಮೆ ಪ್ರತಿಮೆಯ ಮುಂದೆ ಕೈಚಾಚಿ ಭಿಕ್ಷೆ ಬೇಡಿದ. ಯಾಕಯ್ಯಾ ಅಂದರೆ, 'ಇಲ್ಲ ಅನ್ನಿಸಿಕೊಳ್ಳುವುದನ್ನು ಅಭ್ಯಾಸ ಮಾಡ್ತಿದ್ದೀನಿ' ಅಂದ. ಸುಖವನ್ನು ಕಡೆಗಣಿಸುವುದು ರೂಢಿಯಾದರೆ ಅದರಲ್ಲೇ ಒಂದು ಸುಖ ಇದೆ ಅಂತಲೂ ಹೇಳುತ್ತಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಅಪಾಯ ಇರುವುದೂ ಇದರಲ್ಲೇ.

ಇವನಿಗೂ ಭಾರತಕ್ಕೂ ಒಂದು ನಂಟಿದೆ. ಅಲೆಕ್ಸಾಂಡರನ ಜೊತೆ ಬಂದ ಒನೆಸಿಕ್ರಿಟಸ್ ಡಯೋಜೆನಿಸ್‌ನ ಶಿಷ್ಯ. ತಕ್ಷಶಿಲೆಯ ಬಳಿ ಬೆತ್ತಲೆ ಸಾಧುಗಳ ಜೊತೆ ಮಾತಾಡಲು ಇವನನ್ನು ಕಳಿಸಿದರು. ನಡುವೆ ಮೂರು ಜನ ದುಭಾಷಿಗಳು. ಇವರ ಮೂಲಕ ನನ್ನ ಮಾತು ಕೇಳುವುದೆಂದರೆ ಕೆಸರಿನಲ್ಲಿ ಹಾದು ಬಂದ ನೀರು ತಿಳಿಯಾಗಿರಲಿ ಅಂತ ಬಯಸಿದ ಹಾಗೆ, ಅಂದ ಅವರ ಹಿರಿಯ. ಸಾಕ್ರಟೀಸ್, ಡಯೋಜೆನಿಸ್ ವಿಷಯ ಕೇಳಿ ಮೆಚ್ಚಿಕೊಂಡ. ಆದರೆ ಒಂದು ತಕರಾರು ತೆಗೆದ: ಗ್ರೀಕರು ಪ್ರಕೃತಿಗಿಂತ ಪದ್ಧತಿಗೇ ಹೆಚ್ಚು ಬೆಲೆ ಕೊಡುತ್ತಾರೆ, ಇಲ್ಲದಿದ್ದರೆ ಬಟ್ಟೆ ಯಾಕೆ ತೊಡುತ್ತಾರೆ? ರಿಪೇರಿ ಕಡಿಮೆ ಬೇಕಾಗುವ ಮನೆಯೇ ಒಳ್ಳೆಯ ಮನೆ ಅಂತಲೂ ಸೇರಿಸಿದ. ಇದನ್ನೆಲ್ಲ ಭೂಗೋಳದ ಪುಸ್ತಕ ಬರೆದ ಸ್ಟ್ರಾಬೊ ಬರೆದಿಟ್ಟಿದ್ದಾನೆ. ಸರಳತೆಯಲ್ಲಿ ಡಯೋಜೆನಿಸ್‌ಗೂ ಮೇಲಿನವರು ಸಿಕ್ಕರು!

ಈ ದಾರಿ ಹಿಡಿದವರಲ್ಲಿ ನನಗೆ ಬಹಳ ಇಷ್ಟವಾದವಳು ಹಿಪ್ಪಾರ್ಕಿಯಾ. ಥೀಬ್ಸಿನ ಕ್ರೇಟಿಸ್ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟು ಸಿನಿಕನಾದವನು (ಈ ದಾರಿಯವರಿಗೆ ಸಿನಿಕರು ಅಂತ ಹೆಸರು). ಅವನನ್ನೇ ಮದುವೆಯಾಗುತ್ತೇನೆ ಅಂತ ಹಠ ಹಿಡಿದಳು. ಅಪ್ಪ ಅಮ್ಮ ಕೊನೆಗೆ ಕ್ರೇಟಿಸ್‌ನನ್ನೇ ಕರೆದು 'ನೀನೇ ಬುದ್ಧಿ ಹೇಳಪ್ಪಾ' ಅಂದರು. ಅವನು ಅವಳೆದುರು ಬಟ್ಟೆ ಕಳಚಿ ನಿಂತು, 'ವರ ಇವನು, ಆಸ್ತಿ ಇಷ್ಟು, ಯೋಚಿಸಿ ಹೇಳು' ಅಂದ. ಅವಳು ಒಪ್ಪಿದಳು. ಅವನದೇ ವೇಷ ತೊಟ್ಟು ಅವನ ಜೊತೆಗೇ ತಿರುಗಿದಳು. ಮಗ್ಗ ಬಿಟ್ಟು ಬಂದೆಯಾ ಅಂತ ಒಬ್ಬ ಹಂಗಿಸಿದಾಗ, ಮಗ್ಗದ ಮುಂದೆ ಕಳೆಯಬೇಕಿದ್ದ ಹೊತ್ತನ್ನು ಕಲಿಯಲು ಬಳಸಿದ್ದು ತಪ್ಪಾ ಅಂತ ಕೇಳಿದಳು.

ಎಪಿಕ್ಯೂರಸ್: ಹೊಟ್ಟೆ ತುಂಬಿದ ಮೇಲೆ ಇನ್ನೇನು?

ಎಪಿಕ್ಯೂರಸ್ ಹುಟ್ಟಿದ್ದು ಕ್ರಿ.ಪೂ. 341ರಲ್ಲಿ. ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿನಲ್ಲಿ ನೆಲೆಯೂರಿ ಒಂದು ತೋಟ ಕೊಂಡ. ಗಂಡಸರು, ಹೆಂಗಸರು, ಗುಲಾಮರು ಎಲ್ಲ ಅಲ್ಲಿ ಕಲಿತರು. ತೋಟದ ಬಾಗಿಲಲ್ಲಿ 'ಇಲ್ಲಿ ಸುಖವೇ ಪರಮ ಗುರಿ' ಅನ್ನುವ ಬರಹ ಇದೆ, ಅದನ್ನು ಓದಿ ಒಳಗೆ ಬಂದವನಿಗೆ ಕಾವಲುಗಾರ ಕೊಡುವುದು ಬಾರ್ಲಿ ಗಂಜಿ ಮತ್ತು ನೀರು ಅಂತ ಸೆನೆಕಾ ಬರೆಯುತ್ತಾನೆ. ಬಾಗಿಲ ಬರಹಕ್ಕೂ ಒಳಗಿನ ಗಂಜಿಗೂ ಏನು ಸಂಬಂಧ? ಎಪಿಕ್ಯೂರಸ್‌ನನ್ನು ಆರಿಸಿಕೊಳ್ಳುವ ಮುಂಚೆ ಇದು ಅರ್ಥವಾಗಬೇಕು.

ಅವನ ಪ್ರಕಾರ ಸುಖಕ್ಕೆ ಒಂದು ಮೇಲ್ಮಿತಿ ಇದೆ. ಮೈಗೆ ನೋವಿಲ್ಲ, ಮನಸ್ಸಿಗೆ ಕಳವಳ ಇಲ್ಲ ಅಂದರೆ ಆ ಮಿತಿ ಮುಟ್ಟಿದ ಹಾಗೆ. ಹಸಿವು ಹೋದ ಮೇಲೆ ಇನ್ನೂ ಹತ್ತು ಬಗೆಯ ಭಕ್ಷ್ಯ ತಂದಿಟ್ಟರೆ ಸುಖ ಬೇರೆ ಬೇರೆ ಬಣ್ಣ ತಾಳುತ್ತದೆ, ಹೆಚ್ಚಾಗುವುದಿಲ್ಲ. ಅರಿಸ್ಟಿಪ್ಪಸ್‌ನ ಕಡೆಯವರು ಇದನ್ನು ಒಪ್ಪಲೇ ಇಲ್ಲ. ನೋವಿಲ್ಲದೆ ಇರುವುದು ಸುಖ ಅಂದರೆ ಗಾಢ ನಿದ್ದೆ ಹೊಡೆಯುವವನೂ ಸುಖಿಯೇ ಅಂತ ಗೇಲಿ ಮಾಡಿದರು. ಈ ಗೇಲಿಯಲ್ಲಿ ಸ್ವಲ್ಪ ಹುರುಳಿದೆ. ಆದರೆ ಒಂದು ವಾರ ಹಲ್ಲುನೋವು ಅನುಭವಿಸಿ ಅದು ನಿಂತ ಬೆಳಗ್ಗೆ ಎದ್ದವರನ್ನು ಕೇಳಿ, ಎಪಿಕ್ಯೂರಸ್ ಹೇಳಿದ್ದು ಅವರಿಗೆ ಸಲೀಸಾಗಿ ಅರ್ಥವಾಗುತ್ತದೆ.

ಆಸೆಗಳನ್ನು ಅವನು ಮೂರು ಭಾಗ ಮಾಡಿದ. ಸಹಜವೂ ಹೌದು, ಬೇಕೇ ಬೇಕು: ಅನ್ನ, ನೀರು, ಚಳಿಗೆ ಹೊದಿಕೆ. ಸಹಜ, ಆದರೆ ಇಲ್ಲದಿದ್ದರೂ ನಡೆಯುತ್ತದೆ: ದುಬಾರಿ ಊಟ. ಸಹಜವೂ ಅಲ್ಲ, ಬೇಕಾದ್ದೂ ಅಲ್ಲ: ಕಿರೀಟ, ಊರಲ್ಲಿ ತನ್ನದೊಂದು ಪ್ರತಿಮೆ. ಮೊದಲನೆಯದಕ್ಕೆ ಕೊನೆ ಇದೆ, ಹೊಟ್ಟೆ ತುಂಬಿದರೆ ಸಾಕು ಅನ್ನುತ್ತದೆ. ಮೂರನೆಯದಕ್ಕೆ ಕೊನೆಯೇ ಇಲ್ಲ. ಎರಡನೆಯದನ್ನು ಅವನು ನಿಷೇಧಿಸಲಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. 'ಒಂದು ಪುಟ್ಟ ಗಡಿಗೆ ಚೀಸ್ ಕಳಿಸು, ಮನಸ್ಸಾದಾಗ ಹಬ್ಬ ಮಾಡ್ತೀನಿ' ಅಂತ ಗೆಳೆಯನಿಗೆ ಕಾಗದ ಬರೆದವನು ಅವನು. ಮೆನೋಸಿಯಸ್‌ಗೆ ಬರೆದ ಪತ್ರದಲ್ಲಿ ಇದನ್ನೇ ಬಿಡಿಸಿ ಹೇಳುತ್ತಾನೆ: ಯಾವಾಗಲೂ ಕಡಿಮೆಯಲ್ಲೇ ಇರಬೇಕು ಅಂತಲ್ಲ, ಜಾಸ್ತಿ ಇಲ್ಲದಾಗ ಕಡಿಮೆಯಲ್ಲಿ ಇರಲು ಬರಬೇಕು ಅಂತ. ಸರಳತೆಗೂ ಒಂದು ಮಿತಿ ಇದೆ, ಅದನ್ನು ಮರೆತವನು ಅತಿಯಾಗಿ ಹೋದವನಷ್ಟೇ ಎಡವುತ್ತಾನೆ ಅನ್ನುವ ಮಾತೂ ಈ ತೋಟದ್ದೇ. ಡಯೋಜೆನಿಸ್‌ನಿಗೆ ಇದಕ್ಕಿಂತ ಚುರುಕಾದ ಉತ್ತರ ಇಲ್ಲ. ಜ್ಞಾನಿ ಸಿನಿಕನಾಗುವುದಿಲ್ಲ, ಭಿಕ್ಷೆ ಬೇಡುವುದಿಲ್ಲ ಅಂತ ಎಪಿಕ್ಯೂರಸ್ ಹೆಸರು ಹಿಡಿದೇ ಬರೆದಿದ್ದ.

ಈ ಅಭ್ಯಾಸ ನಿಜವಾಗಿ ಕೆಲಸಕ್ಕೆ ಬಂದದ್ದು ಕ್ರಿ.ಪೂ. 295ರ ಸುಮಾರಿಗೆ. ಡಿಮಿಟ್ರಿಯಸ್ ಅನ್ನುವ ಸೇನಾನಿ ಅಥೆನ್ಸಿಗೆ ಮುತ್ತಿಗೆ ಹಾಕಿದ್ದ. ಊರಲ್ಲಿ ಧಾನ್ಯ ಮುಗಿದಿತ್ತು. ಒಂದು ಮನೆಯಲ್ಲಿ ಚಾವಣಿಯಿಂದ ಬಿದ್ದ ಸತ್ತ ಇಲಿಗಾಗಿ ಅಪ್ಪ ಮಗ ಕಿತ್ತಾಡಿದರು ಅಂತ ಜೀವನಚರಿತ್ರೆಗಳನ್ನು ಬರೆದ ಪ್ಲುಟಾರ್ಕ್ ಹೇಳುತ್ತಾನೆ. ಅದೇ ಪುಟದಲ್ಲಿ ಎಪಿಕ್ಯೂರಸ್ ಬರುತ್ತಾನೆ. ಇದ್ದ ಕಾಳನ್ನು ಎಣಿಸಿ ಎಣಿಸಿ ಜೊತೆಯವರಿಗೆ ಹಂಚಿ ಅವರನ್ನು ಉಳಿಸಿಕೊಂಡನಂತೆ.

ಇಷ್ಟಾದರೂ 'ಎಪಿಕ್ಯೂರಸ್ ಅಂದರೆ ಹೊಟ್ಟೆಬಾಕ' ಅನ್ನುವ ಹೆಸರು ಅಂಟಿತು. ತೋಟ ಬಿಟ್ಟು ಹೋದ ಟಿಮೊಕ್ರೇಟಿಸ್ ಅನ್ನುವವನು, ಅವನು ತಿಂದು ತಿಂದು ದಿನಕ್ಕೆರಡು ಸಲ ವಾಂತಿ ಮಾಡುತ್ತಾನೆ ಅಂತ ಊರೆಲ್ಲ ಸಾರಿದ್ದ. ನಮ್ಮ ಚಾರ್ವಾಕರಿಗೆ 'ಸಾಲ ಮಾಡಿ ತುಪ್ಪ ತಿನ್ನುವವರು' ಅನ್ನುವ ಹೆಸರು ಎದುರಾಳಿಗಳ ಪುಸ್ತಕಗಳಿಂದಲೇ ಬಂತಲ್ವಾ, ಹಾಗೆಯೇ.

ಈಗ ಈ ದಾರಿಯ ಖರ್ಚಿನ ವಿಷಯ. ತೋಟದ ಬೆಲೆ 80 ಮಿನಾ, ಅಂದರೆ 8,000 ಡ್ರಾಕ್ಮಾ. ಆಗ ನುರಿತ ಕೆಲಸಗಾರನಿಗೆ ದಿನಕ್ಕೆ ಎರಡು, ಎರಡೂವರೆ ಡ್ರಾಕ್ಮಾ ಕೂಲಿ. ರಜೆ ಇಲ್ಲದೆ ದುಡಿದರೂ ಹತ್ತಿರ ಹತ್ತಿರ ಹತ್ತು ವರ್ಷದ ಸಂಪಾದನೆ ಆಯಿತು! ಗೆಳೆಯರು, ಶಿಷ್ಯರು ಕೊಡುವ ಕಾಣಿಕೆಯೂ ಇತ್ತು. ಗಂಜಿ ಅಗ್ಗ, ಆದರೆ ಗಂಜಿ ಕುಡಿದು ನೆಮ್ಮದಿಯಾಗಿ ಕೂರುವ ಜಾಗ ಅಗ್ಗವಲ್ಲ. 'ಸರಳ ಜೀವನ'ದ ಬಗ್ಗೆ ಮಾತಾಡುವವರು ಬಾಡಿಗೆಯ ವಿಷಯ ಎತ್ತುವುದೇ ಇಲ್ಲ, ಅದು ನನಗೆ ಸದಾ ಕಿರಿಕಿರಿ.

ಇನ್ನೊಂದು ಖರ್ಚು ಗೆಳೆತನ. ಏನು ತಿನ್ನಬೇಕು ಅನ್ನುವುದಕ್ಕಿಂತ ಯಾರ ಜೊತೆ ತಿನ್ನಬೇಕು ಅಂತ ಮೊದಲು ಯೋಚಿಸು ಅನ್ನುತ್ತಿದ್ದ ಎಪಿಕ್ಯೂರಸ್. ಪ್ರತಿ ತಿಂಗಳ 20ನೇ ದಿನ ತೋಟದವರು ಒಟ್ಟಿಗೆ ಸೇರುತ್ತಿದ್ದರು. ಆದರೆ ಆಸ್ತಿಯನ್ನು ಎಲ್ಲರ ಹೆಸರಿಗೆ ಒಟ್ಟು ಮಾಡೋಣ ಅಂದರೆ ಅವನು ಒಪ್ಪಲಿಲ್ಲ. ಅದು ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದವರು ಮಾಡುವ ಏರ್ಪಾಡು, ನಂಬಿಕೆ ಇಲ್ಲದ ಕಡೆ ಗೆಳೆತನ ಎಲ್ಲಿ ಬಂತು ಅಂದ. ಗೆಳೆಯರ ಜೊತೆ ಸೇರಿ ಜಮೀನು ಕೊಳ್ಳುವ ಯೋಚನೆ ಇದ್ದವರು ಇದನ್ನು ಎರಡು ಸಲ ಓದಿ.

ಸ್ಟೋಯಿಕರು: ಇದ್ದರೂ ಸೈ, ಇಲ್ಲದಿದ್ದರೂ ಸೈ

ಝೀನೋ ವ್ಯಾಪಾರಿಯಾಗಿದ್ದವನು. ಹಡಗು ಮುಳುಗಿ ಅಥೆನ್ಸಿಗೆ ಬಂದ. ಮೊದಲ ಗುರು ಅದೇ ಕ್ರೇಟಿಸ್. ಝೀನೋಗೆ ಸಂಕೋಚದ ಸ್ವಭಾವ. ಅದನ್ನು ಬಿಡಿಸಬೇಕು ಅಂತ ಕ್ರೇಟಿಸ್ ಅವನ ಕೈಗೆ ಒಂದು ಗಡಿಗೆ ಮಸೂರ ಬೇಳೆ ಸಾರು ಕೊಟ್ಟು, ಕುಂಬಾರರ ಕೇರಿಯಲ್ಲಿ ಹೊತ್ತುಕೊಂಡು ಹೋಗು ಅಂದ. ಝೀನೋ ನಾಚಿ ಅದನ್ನು ಮರೆಮಾಡಿಕೊಂಡು ನಡೆದ. ಕ್ರೇಟಿಸ್ ಕೋಲಿನಿಂದ ಗಡಿಗೆಗೆ ಒಂದು ಬಾರಿಸಿದ. ಸಾರು ಕಾಲ ಮೇಲೆಲ್ಲ ಇಳಿಯಿತು. ಝೀನೋ ಓಟ ಕಿತ್ತ. 'ಯಾಕೋ ಓಡ್ತೀಯಾ, ನಿನಗೇನೂ ಆಗಿಲ್ಲವಲ್ಲ' ಅಂತ ಹಿಂದಿನಿಂದ ಕೂಗಿದ ಗುರು.

'ನಿನಗೇನೂ ಆಗಿಲ್ಲ' ಅನ್ನುವ ಆ ಮಾತನ್ನು ಹಿಡಿದೇ ಸ್ಟೋಯಿಕರ ಪಾಠ ಬೆಳೆಯಿತು ಅನ್ನಬಹುದು. ಕ್ರಿ.ಪೂ. 300ರ ಸುಮಾರಿಗೆ ಝೀನೋ ಚಿತ್ರಗಳಿದ್ದ ಒಂದು ಕಂಬಸಾಲಿನಲ್ಲಿ ತನ್ನದೇ ಪಾಠ ಶುರು ಮಾಡಿದ. ಒಳ್ಳೆಯ ನಡತೆಯೊಂದೇ ನಿಜವಾದ ಒಳ್ಳೆಯದು. ದುಡ್ಡು, ಆರೋಗ್ಯ, ಸುಖ ಇವೆಲ್ಲ ಸಿಕ್ಕರೆ ಬೇಡ ಅನ್ನಬೇಕಿಲ್ಲ, ಆದರೆ ಅವುಗಳ ಮೇಲೆ ಬದುಕನ್ನು ನಿಲ್ಲಿಸಬಾರದು.

ತಟ್ಟೆಯ ಪರೀಕ್ಷೆಗೆ ಎಪಿಕ್ಟೆಟಸ್ ನೇರವಾಗಿ ಉತ್ತರ ಕೊಟ್ಟಿದ್ದಾನೆ. ಔತಣದಲ್ಲಿ ಭಕ್ಷ್ಯದ ತಟ್ಟೆ ನಿನ್ನ ಹತ್ತಿರ ಬಂತಾ, ಕೈಚಾಚಿ ಹದವಾಗಿ ತೆಗೆದುಕೋ. ಮುಂದೆ ಹೋಯಿತಾ, ಹಿಡಿದೆಳೆಯಬೇಡ. ಇನ್ನೂ ಬಂದಿಲ್ಲವಾ, ಕಾದಿರು. ಬಂದದ್ದನ್ನೂ ಮುಟ್ಟದೆ ಬಿಡುವವನು ಇನ್ನೂ ಮೇಲಿನವನು ಅಂತ ಹೇಳಿ ಡಯೋಜೆನಿಸ್‌ನ ಹೆಸರು ತೆಗೆಯುತ್ತಾನೆ. ಎಪಿಕ್ಟೆಟಸ್ ಗುಲಾಮನಾಗಿ ಹುಟ್ಟಿದವನು. ಅವನ ಕಬ್ಬಿಣದ ದೀಪ ಕಳುವಾದಾಗ, ನಾಳೆ ಮಣ್ಣಿನದು ತಂದರಾಯಿತು ಅಂದುಕೊಂಡ. ಅವನು ಸತ್ತ ಮೇಲೆ ಆ ಮಣ್ಣಿನ ದೀಪವನ್ನು ಯಾರೋ 3,000 ಡ್ರಾಕ್ಮಾ ಕೊಟ್ಟು ಕೊಂಡರು ಅಂತ ವಿಡಂಬನೆಯ ಲೇಖಕ ಲೂಸಿಯನ್ ನಗುತ್ತಾನೆ. ಅದನ್ನು ಹಚ್ಚಿಟ್ಟುಕೊಂಡು ಓದಿದರೆ ಜ್ಞಾನ ಬರುತ್ತೆ ಅಂತ ಕೊಂಡವನ ಆಸೆಯಂತೆ.

ಈ ದಾರಿಯ ಸಡಿಲು ಜಾಗ ಸೆನೆಕಾ. ಆಗಾಗ ಮೂರು ನಾಲ್ಕು ದಿನ ಒರಟು ಬಟ್ಟೆ, ಗಟ್ಟಿ ರೊಟ್ಟಿಯಲ್ಲಿ ಕಳೆದು 'ನಾನು ಹೆದರುತ್ತಿದ್ದದ್ದು ಇದಕ್ಕೇನಾ?' ಅಂತ ಕೇಳಿಕೋ ಅಂತ ಬರೆದ. ಒಳ್ಳೆಯ ಮಾತೇ. ಆದರೆ ಯಾವ ತತ್ವಶಾಸ್ತ್ರ ಓದಿ ನಾಲ್ಕೇ ವರ್ಷದಲ್ಲಿ 30 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಸಂಪಾದಿಸಿದೆ ಅಂತ ಎದುರಾಳಿ ಸುಯಿಲಿಯಸ್ ಕೇಳಿದ್ದನ್ನು ಇತಿಹಾಸಕಾರ ಟಾಸಿಟಸ್ ದಾಖಲಿಸಿದ್ದಾನೆ. 'ಇದ್ದರೂ ಸೈ' ಅನ್ನುವ ಮಾತು ಇದ್ದವನ ಬಾಯಲ್ಲಿ ಸ್ವಲ್ಪ ಸಲೀಸಾಗಿಯೇ ಬರುತ್ತದೆ.

(ಅರಿಸ್ಟಾಟಲ್ ಎಲ್ಲಿ ಅಂತ ಕೇಳಬಹುದು. ಅವನ ಪ್ರಕಾರ ಒಳ್ಳೆಯ ಕೆಲಸ ಚೆನ್ನಾಗಿ ನಡೆದಾಗ ಸುಖ ತಾನಾಗಿ ಜೊತೆಗೆ ಬರುತ್ತದೆ, ಬದುಕಿಗೆ ಒಂದಿಷ್ಟು ಅನುಕೂಲವೂ ಬೇಕು. ಬಹುಪಾಲು ಜನ ಆಗಲೇ ಹೀಗೆಯೇ ಬದುಕುತ್ತಿದ್ದಾರೆ. ಆರಿಸಿಕೊಳ್ಳಲು ಅಂತ ವಿಶೇಷ ಏನೂ ಇಲ್ಲ.)

ಕಾಯಿಲೆ ಬಂದಾಗ

ಆರೋಗ್ಯವಾಗಿದ್ದಾಗ ನಾಲ್ಕೂ ದಾರಿ ಚೆನ್ನಾಗೇ ಕಾಣುತ್ತವೆ. ಹೆರಾಕ್ಲಿಯಾದ ಡಯೋನಿಸಿಯಸ್ ಅನ್ನುವವನು ಝೀನೋನ ಶಿಷ್ಯ. ನೋವು ಕೆಟ್ಟದ್ದಲ್ಲ ಅಂತ ಪಾಠ ಕೇಳಿದವನು. ಒಮ್ಮೆ ಕಣ್ಣುಬೇನೆ ಬಂತು. ತಡೆಯಲಾರದೆ 'ನೋವು ಕೆಟ್ಟದ್ದೇ' ಅಂತ ಒಪ್ಪಿಕೊಂಡು ಅರಿಸ್ಟಿಪ್ಪಸ್‌ನ ಪಂಥಕ್ಕೆ ಜಿಗಿದ. ಜನ ಅವನಿಗೆ ಪಕ್ಷಾಂತರಿ ಅಂತಲೇ ಹೆಸರಿಟ್ಟರು. ನನಗೇನೋ ಅವನು ಪ್ರಾಮಾಣಿಕನಾಗಿ ಕಾಣುತ್ತಾನೆ.

ಎಪಿಕ್ಯೂರಸ್ ಕ್ರಿ.ಪೂ. 270ರಲ್ಲಿ ಮೂತ್ರದ ಕಲ್ಲಿನಿಂದ ನರಳಿ ಸತ್ತ. ಕೊನೆಯ ದಿನ ಗೆಳೆಯ ಇಡೊಮೆನಿಯಸ್‌ಗೆ ಬರೆದ ಕಾಗದದಲ್ಲಿ ನೋವು ಇದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ ಅನ್ನುತ್ತಾನೆ. ಆದರೂ ನಾವು ಆಡಿದ ಮಾತುಗಳ ನೆನಪಿನ ಖುಷಿಯನ್ನು ಅದರ ಎದುರಿಗೆ ಇಟ್ಟಿದ್ದೇನೆ ಅನ್ನುತ್ತಾನೆ. ಆಮೇಲೆ ಗೆಳೆಯ ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೋ ಅಂತ ಕೇಳುತ್ತಾನೆ. ನೋವನ್ನು ಅವನು ಅಲ್ಲಗಳೆಯಲಿಲ್ಲ. ಈ ಕ್ಷಣವೊಂದೇ ಸತ್ಯ ಅನ್ನುವ ಅರಿಸ್ಟಿಪ್ಪಸ್‌ಗೆ ಇಂಥ ದಿನ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಎಪಿಕ್ಯೂರಸ್‌ಗೆ ಹಿಂದಿನ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಇಬ್ಬರೂ ಸುಖವಾದಿಗಳೇ, ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಇಬ್ಬರಿಗೂ ಬಹಳ ದೂರ.

ಯಾರಿಗೆ ಯಾವುದು?

ಅಪ್ಪ ಅಮ್ಮನ ಔಷಧಿ, ಮಕ್ಕಳ ಫೀಸು, ಬಿಡಲಾಗದ ಕೆಲಸ, ಊರಿನ ಜವಾಬ್ದಾರಿ ಇದ್ದವರು ಸ್ಟೋಯಿಕರ ಕಡೆ ಹೋಗುವುದು ವಾಸಿ. ಉಳಿದ ಮೂರೂ ದಾರಿಗಳು ಒಂದಲ್ಲ ಒಂದು ರೀತಿ 'ಅಲ್ಲಿಂದ ಎದ್ದು ಬಾ' ಅನ್ನುತ್ತವೆ. ಎಪಿಕ್ಯೂರಸ್ ಅಂತೂ ರಾಜಕೀಯ, ವ್ಯವಹಾರಗಳನ್ನು ಸೆರೆಮನೆ ಅಂತ ಕರೆದ, ಮದುವೆಯನ್ನೂ ಹುರಿದುಂಬಿಸಲಿಲ್ಲ. ಸ್ಟೋಯಿಕರು ಮಾತ್ರ 'ಇದ್ದಲ್ಲೇ ಇರು, ಇರುವ ರೀತಿ ಬದಲಿಸಿಕೋ' ಅನ್ನುತ್ತಾರೆ. ಗುಲಾಮ ಎಪಿಕ್ಟೆಟಸ್‌ಗೂ ಚಕ್ರವರ್ತಿ ಮಾರ್ಕಸ್ ಆರೀಲಿಯಸ್‌ಗೂ ಒಂದೇ ಪಾಠ ಒದಗಿತು. ಬೇರೆ ಯಾವ ದಾರಿಗೂ ಇಷ್ಟು ಅಗಲ ಇಲ್ಲ. ಆದರೆ ಇದು ಒಣಕಲು ದಾರಿ. ತಿಂಡಿ ಚೆನ್ನಾಗಿತ್ತು ಅಂತ ಖುಷಿಪಡುವುದಕ್ಕೂ ಒಳಗೊಳಗೇ ಅನುಮತಿ ಕೇಳುವ ಅಭ್ಯಾಸ ಬಂದುಬಿಡುತ್ತದೆ.

ಓಡಿ ಓಡಿ ಸುಸ್ತಾದವರಿಗೆ, ಮುಂದಿನ ಪ್ರಮೋಷನ್ನಿನ ನಂತರ ಇನ್ನೊಂದು ಪ್ರಮೋಷನ್ ಇದೆ ಅಂತ ಅರ್ಥವಾದವರಿಗೆ ಎಪಿಕ್ಯೂರಸ್. ನನ್ನ ಒಲವೂ ಇಲ್ಲಿಯೇ. ಆದರೆ ಒಂದು ಷರತ್ತು: ಜೊತೆಗೆ ಕೂತು ಉಣ್ಣುವ ಇಬ್ಬರು ಮೂವರಾದರೂ ಇರಬೇಕು. ಪರಊರಿನ ಒಂಟಿ ರೂಮಿನಲ್ಲಿ ಬರೀ ಬ್ರೆಡ್ಡು ತಿಂದು ಮಲಗುವುದು ಎಪಿಕ್ಯೂರಸ್‌ನ ಬದುಕಲ್ಲ, ಅದು ಸುಮ್ನೆ ಒಂಟಿತನ. ಅಂಥವರು ಖರ್ಚು ಕಡಿಮೆ ಮಾಡುವ ಮುಂಚೆ ಗೆಳೆಯರನ್ನು ಜಾಸ್ತಿ ಮಾಡಿಕೊಳ್ಳಬೇಕು. ಇನ್ನು, ಚುನಾವಣೆಗೆ ನಿಲ್ಲುವ, ಸಂಘ ಕಟ್ಟುವ, ಬೀದಿಗಿಳಿಯುವ ಹುಮ್ಮಸ್ಸು ಇದ್ದವರಿಗೆ ಈ ತೋಟದಲ್ಲಿ ಉಸಿರುಕಟ್ಟುತ್ತದೆ.

ಅರಿಸ್ಟಿಪ್ಪಸ್ ಬಹಳ ಕಡಿಮೆ ಜನಕ್ಕೆ ಒಗ್ಗುತ್ತಾನೆ. ಚೀಲದ ಹಣವನ್ನು ರಸ್ತೆಗೆ ಸುರಿಯಲು ನಿಮಗೆ ಕೈ ಬರುತ್ತಾ ಅಂತ ಕೇಳಿಕೊಳ್ಳಿ. ಗೌಜಲಹಕ್ಕಿ ಕೊಳ್ಳಲು ಎಲ್ಲರಿಗೂ ಬರುತ್ತೆ. ಈಗ 'ಒಂದೇ ಬದುಕು, ಎಂಜಾಯ್ ಮಾಡಬೇಕು' ಅಂತ ಸಾಲದ ಕಂತಿನಲ್ಲಿ ಪ್ರವಾಸ ಹೋಗುವವರು ಅವನ ಅರ್ಧ ಪಾಠ ಮಾತ್ರ ಕಲಿತವರು.

ಡಯೋಜೆನಿಸ್‌ನನ್ನು ಪೂರ್ತಿಯಾಗಿ ತೆಗೆದುಕೊಳ್ಳಲು ಸಂಸಾರಸ್ಥರಿಗೆ ಆಗುವುದಿಲ್ಲ. ಹಿಪ್ಪಾರ್ಕಿಯಾಳ ಎದೆಗಾರಿಕೆ ಎಲ್ಲರಿಗೂ ಎಲ್ಲಿ ಬರಬೇಕು? ಅವನ ಅಭ್ಯಾಸಗಳಲ್ಲಿ ಒಂದನ್ನು ಮಾತ್ರ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ಆ ಪ್ರತಿಮೆಯ ಮುಂದಿನ ಭಿಕ್ಷೆ. 'ಇಲ್ಲ' ಅನ್ನಿಸಿಕೊಳ್ಳುವ ಭಯದಿಂದಲೇ ಸಂಬಳ ಕೇಳದವರು, ಹೆಣ್ಣು ಕೇಳದವರು, ಬರೆದದ್ದನ್ನು ಪತ್ರಿಕೆಗೆ ಕಳಿಸದವರು ಎಷ್ಟು ಜನ ಇದ್ದಾರೆ! ಬೇಕಂತಲೇ ಸಣ್ಣ ಸಣ್ಣ ಕಡೆ 'ಇಲ್ಲ' ಅನ್ನಿಸಿಕೊಂಡು ನೋಡಿ. ಉಳಿದಂತೆ ಇಲ್ಲಿ ಒಂದು ಗುಂಡಿ ಇದೆ. ಸಿನಿಕರಿಗೆ ದಾರಿ ಹಾಕಿಕೊಟ್ಟ ಆಂಟಿಸ್ತನಿಸ್ ತನ್ನ ಹರಿದ ಮೇಲುಹೊದಿಕೆಯ ತೂತು ಎದ್ದು ಕಾಣುವ ಹಾಗೆ ಹೊದೆಯುತ್ತಿದ್ದ. 'ಆ ತೂತಿನಲ್ಲಿ ನಿನ್ನ ಜಂಬ ಕಾಣಿಸುತ್ತಿದೆ' ಅಂದ ಸಾಕ್ರಟೀಸ್. ಎರಡೇ ಅಂಗಿ ಇಟ್ಟುಕೊಂಡು ಅದರ ಫೋಟೋವನ್ನು ಊರಿಗೆಲ್ಲ ಹಂಚುವವರಿಗೂ ಈ ಮಾತು ಸಲ್ಲುತ್ತದೆ.

ಎರಡನ್ನು ಬೆರೆಸಬಹುದಾ? ಗುರಿಯನ್ನು ಬೆರೆಸಲು ಆಗುವುದಿಲ್ಲ. ಕಷ್ಟದ ತೀರ್ಮಾನ ಬಂದಾಗ ಸುಖ ಮುಖ್ಯವೋ ನಡತೆ ಮುಖ್ಯವೋ ಅಂತ ಒಂದನ್ನು ಹೇಳಲೇಬೇಕು. ಅಭ್ಯಾಸಗಳನ್ನು ಮಾತ್ರ ಧಾರಾಳವಾಗಿ ಕದಿಯಬಹುದು. ಸ್ಟೋಯಿಕನಾದ ಸೆನೆಕಾ ತನ್ನ ಪತ್ರಗಳಲ್ಲಿ ಎಪಿಕ್ಯೂರಸ್‌ನ ಮಾತುಗಳನ್ನು ಮತ್ತೆ ಮತ್ತೆ ತರುತ್ತಾನೆ. ಶತ್ರುವಿನ ಪಾಳೆಯಕ್ಕೆ ಹೋಗುತ್ತೇನೆ, ಪಕ್ಷ ಬಿಟ್ಟವನಾಗಿ ಅಲ್ಲ, ಬೇಹುಗಾರನಾಗಿ ಅನ್ನುವುದು ಅವನ ಸಮಜಾಯಿಷಿ. ಒರಟು ರೊಟ್ಟಿಯ ದಿನಗಳ ಸಲಹೆ ಕೊಡುವ ಪತ್ರದಲ್ಲೇ ಎಪಿಕ್ಯೂರಸ್ ಕೂಡ ಕೆಲವು ದಿನ ಬೇಕಂತಲೇ ಅರೆಹೊಟ್ಟೆಯಲ್ಲಿರುತ್ತಿದ್ದ ಅಂತ ನೆನೆಯುತ್ತಾನೆ. ಒಂದು ಆಸ್‌ಗಿಂತ ಕಡಿಮೆ ಖರ್ಚಿನಲ್ಲಿ ತನ್ನ ದಿನ ಕಳೆಯಿತು, ಮೆಟ್ರೊಡೋರಸ್ ಇನ್ನೂ ಪಳಗಿಲ್ಲ, ಅವನಿಗೆ ಒಂದು ಆಸ್ ಪೂರ್ತಿ ಬೇಕಾಯಿತು ಅಂತ ಎಪಿಕ್ಯೂರಸ್ ಗೆಳೆಯನಿಗೆ ಬರೆದಿದ್ದನಂತೆ. ಆಸ್ ಅಂದರೆ ರೋಮಿನ ಪುಡಿಗಾಸು. ಗೆಳೆಯನ ಊಟದ ಲೆಕ್ಕ ಹಿಡಿದು ಕಾಲೆಳೆಯುವ ಈ ಎಪಿಕ್ಯೂರಸ್ ನನಗೆ ಬಹಳ ಹತ್ತಿರದವನು ಅನಿಸುತ್ತಾನೆ.

ಓದಿ ನೋಡಿ ಆರಿಸುವವರು ಎರಡರಿಂದ ಶುರು ಮಾಡಿ: ಎಪಿಕ್ಯೂರಸ್ ಮೆನೋಸಿಯಸ್‌ಗೆ ಬರೆದ ಪತ್ರ, ಎಪಿಕ್ಟೆಟಸ್‌ನ ಕೈಪಿಡಿ. ಮೊದಲನೆಯದು ಕೆಲವೇ ಪುಟ, ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಬಹುದು. ಎರಡನೆಯದಕ್ಕೆ ಒಂದು ಸಂಜೆ ಬೇಕು. ಅರಿಸ್ಟಿಪ್ಪಸ್ ಮತ್ತು ಡಯೋಜೆನಿಸ್ ಬರೆದದ್ದು ಯಾವುದೂ ನಮಗೆ ಉಳಿದು ಬಂದಿಲ್ಲ. ಅವರಿಗೆ ಲೇರ್ಷಿಯಸ್‌ನ ಕತೆಗಳೇ ಗತಿ, ಅವನ ಪುಸ್ತಕದ ಎರಡನೇ ಮತ್ತು ಆರನೇ ಭಾಗ ನೋಡಿ.